ಸದ್ದು ಬೇಕೋ, ಎಳೆತ ಬೇಕೋ: ಕೋಯಂಬೇಡಿನ ಕನ್ನಡಿಗ ಕಾರುಪ್ರಿಯರಿಗೆ ಬಹಿರಂಗ ಪತ್ರ

ಕೋಯಂಬೇಡು, ಚೆನ್ನೈ

ಪ್ರಿಯ ಗೆಳೆಯ ಗೆಳತಿಯರೇ,

ಅರುಂಬಾಕ್ಕಂ, ವಿರುಗಂಬಾಕ್ಕಂ, ನೆರ್ಕುಂಡ್ರಂ, ಮದುರವಾಯಲ್ ಕಡೆ ಬಾಡಿಗೆ ಮನೆ ಹಿಡಿದು, ಶ್ರೀಪೆರುಂಬುದೂರಿನ ಕಾರ್ಖಾನೆಗಳಲ್ಲೋ ಗಿಂಡಿಯ ಆಫೀಸುಗಳಲ್ಲೋ ದುಡಿಯುವ ನಿಮಗೆ ಈ ಪತ್ರ. ಶುಕ್ರವಾರ ರಾತ್ರಿಯೋ ಶನಿವಾರ ನಸುಕಿನಲ್ಲೋ ಕೋಯಂಬೇಡಿನಿಂದ ಹೊರಟು ಪೂನಮಲ್ಲಿ, ವೇಲೂರು, ಕೃಷ್ಣಗಿರಿ ದಾಟಿ ಬೆಂಗಳೂರಿಗೋ, ಅಲ್ಲಿಂದಾಚೆ ತುಮಕೂರು ಹಾಸನಗಳಿಗೋ ಹೋಗಿಬರುವವರು ನೀವು. ಕಾರು ನಿಮಗೆ ಬರಿಯ ಸವಾರಿಯ ಸಾಧನವಾಗಿ ಉಳಿದಿಲ್ಲ. ಅದರ ಮೇಲೆ ಪ್ರೀತಿಯಿದೆ. ಆ ಪ್ರೀತಿ ನನಗೂ ಇದೆ. ಎಂಜಿನ್ ಬಿಚ್ಚಿ, ಅಳೆದು, ಮತ್ತೆ ಜೋಡಿಸುವ ಕೆಲಸದಲ್ಲೇ ನನ್ನ ಆಯುಸ್ಸಿನ ಬಹುಪಾಲು ಕಳೆದಿದೆ. ಆ ಅನುಭವದ ಬಲದಿಂದ ನಿಮ್ಮೊಡನೆ ನೇರವಾಗಿ ಮಾತಾಡುತ್ತೇನೆ.

ನೀವು ನಾಲ್ಕು ಜನ ಸೇರಿದಲ್ಲೆಲ್ಲ ಈಗ ಏರ್ ಫಿಲ್ಟರಿನ ಮಾತು. ಕಂಪನಿ ಕೊಟ್ಟ ಕಾಗದದ ಫಿಲ್ಟರ್ ತೆಗೆದು ಕಾಟನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಎಷ್ಟು ಹೆಚ್ಚುತ್ತದೆ? ಪ್ಯಾನೆಲ್ ಸಾಕೋ, ಕೋನ್ ಹಾಕಿಸಬೇಕೋ? ಯಾವುದರ ಸದ್ದು ಚೆನ್ನ? ಚೆನ್ನೈನ ಜಿ.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದು ಉತ್ತರ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೊಂದು ಉತ್ತರ ಸಿಗುತ್ತದೆ. ಎರಡೂ ಕಡೆ ಹೇಳುವವರು ಮಾರುವವರೇ. ನನಗೆ ಮಾರುವುದಕ್ಕೆ ಏನೂ ಇಲ್ಲ. ಹಾಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಟ್ಯೂನಿಂಗ್ ಮಾಡಿಸದ, ದಿನಬಳಕೆಯ ಕಾರಿಗೆ ಬೇರೆ ಫಿಲ್ಟರ್ ಹಾಕಿಸಿದಾಗ ನೀವು ಕೊಳ್ಳುವುದು ಹೆಚ್ಚುಕಡಿಮೆ ಪೂರ್ತಿಯಾಗಿ ಸದ್ದನ್ನೇ. ಸದ್ದನ್ನು ಸದ್ದೆಂದು ತಿಳಿದೇ ಕೊಂಡರೆ ನನ್ನ ತಕರಾರಿಲ್ಲ. ಶಕ್ತಿಯೆಂದು ನಂಬಿ ಕೊಳ್ಳುತ್ತೀರಲ್ಲ, ನನ್ನ ಸಂಕಟ ಅಲ್ಲಿಯದು. ಅದರ ಜೊತೆಗೆ ಧೂಳಿನ ಲೆಕ್ಕವನ್ನು ಯಾರೂ ನಿಮಗೆ ಹೇಳುತ್ತಿಲ್ಲ.

ಮೊದಲು ಗಾಳಿಯ ಲೆಕ್ಕ ನೋಡೋಣ. 1,197 ಸಿಸಿಯ ಸಾಮಾನ್ಯ ಪೆಟ್ರೋಲ್ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಮೂರು ಸಾವಿರ ಲೀಟರಿನಷ್ಟು ಗಾಳಿ ಎಳೆಯುತ್ತದೆ. ಅಷ್ಟು ಗಾಳಿ ಫಿಲ್ಟರನ್ನು ಹಾದು ಬರುವಾಗ ಒಂದಿಷ್ಟು ಒತ್ತಡ ಕಳೆದುಕೊಳ್ಳುತ್ತದೆ. ಹೊಸ ಕಾಗದದ ಫಿಲ್ಟರಿನಲ್ಲಿ ಈ ನಷ್ಟ ಒಂದು ಕಿಲೋಪ್ಯಾಸ್ಕಲ್ ಆಸುಪಾಸಿನದು. ಚೆನ್ನೈನ ವಾತಾವರಣದ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಫಿಲ್ಟರನ್ನು ಪೂರ್ತಿ ಕಿತ್ತೆಸೆದರೂ ನಿಮಗೆ ಮರಳಿ ಸಿಗುವುದು ನೂರರಲ್ಲಿ ಒಂದು ಪಾಲು. ಕಾಟನ್ ಫಿಲ್ಟರ್ ಆ ಒಂದು ಪಾಲಿನಲ್ಲಿ ಅರ್ಧ ಉಳಿಸೀತು. 80 ಅಶ್ವಶಕ್ತಿಯ ಕಾರಿನಲ್ಲಿ ಅದು ಅರ್ಧ ಅಶ್ವಶಕ್ತಿಗೂ ಕಡಿಮೆ. ಒಂದೇ ಕಾರನ್ನು ಬಲ ಅಳೆಯುವ ಡೈನೊ ಮೇಲೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓಡಿಸಿದರೆ ಬರುವ ವ್ಯತ್ಯಾಸವೇ ಇದಕ್ಕಿಂತ ದೊಡ್ಡದು.

ಇದೂ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದಾಗಿನ ಮಾತು. ನೂರಡಿ ರಸ್ತೆಯ ಟ್ರಾಫಿಕ್ಕಿನಲ್ಲಿ, ಹೆದ್ದಾರಿಯ ಎಂಬತ್ತರ ವೇಗದಲ್ಲಿ ಪೆಟ್ರೋಲ್ ಎಂಜಿನ್ನಿನ ಉಸಿರನ್ನು ಹಿಡಿದಿಡುವುದು ಥ್ರಾಟಲ್ಲಿನ ತಟ್ಟೆ. ಅದು ಅರ್ಧಂಬರ್ಧ ತೆರೆದು ಗಾಳಿಯನ್ನು ಬೇಕೆಂದೇ ತಡೆಯುತ್ತಿರುತ್ತದೆ. ಅದರ ತಡೆಯ ಮುಂದೆ ಫಿಲ್ಟರಿನ ತಡೆ ಲೆಕ್ಕಕ್ಕಿಲ್ಲ. ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆಂಬ ಮಾತು ಬಿದ್ದುಹೋಗುವುದೂ ಈ ಕಾರಣಕ್ಕೇ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫ್ಯೂಯಲ್ ಇಂಜೆಕ್ಷನ್ ಇರುವ ಕಾರುಗಳಲ್ಲಿ ಬೇಕೆಂದೇ ಗಾಳಿ ಕಟ್ಟುವಂತೆ ಮಾಡಿದ ಫಿಲ್ಟರನ್ನೂ ಹೊಸ ಫಿಲ್ಟರನ್ನೂ ಹಾಕಿ ಅಳೆದು ನೋಡಿತು. ಇಂಧನ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಿನ ವೇಗವರ್ಧನೆ ಹೊಸ ಫಿಲ್ಟರಿನಲ್ಲಿ ಶೇ. 6ರಿಂದ 11ರಷ್ಟು ಉತ್ತಮವಾಗಿತ್ತು.

ಈ ಕೊನೆಯ ಅಂಶವನ್ನು ಗಮನವಿಟ್ಟು ಓದಿ. ನಿಮ್ಮ ಗೆಳೆಯ ಕಾಟನ್ ಫಿಲ್ಟರ್ ಹಾಕಿಸಿದ ದಿನವೇ "ಮಗಾ, ಕಾರು ಹಾರ್ತಾ ಇದೆ" ಎಂದು ಫೋನ್ ಮಾಡಿದನಲ್ಲ, ಅವನು ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ಆದರೆ ಅವನು ತೆಗೆದದ್ದು ಎರಡು ವರ್ಷದ ಧೂಳು ಕುಡಿದು ಕಪ್ಪಾಗಿದ್ದ ಕಾಗದದ ಫಿಲ್ಟರನ್ನು. ಆ ಜಾಗಕ್ಕೆ ಕೆಲವೇ ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರ್ ಕೂರಿಸಿದ್ದರೂ ಕಾರು ಹಾಗೆಯೇ ಹಾರುತ್ತಿತ್ತು. ಹಳೆಯ ಕಾಗದಕ್ಕೂ ಹೊಸ ಕಾಟನ್ನಿಗೂ ಹೋಲಿಕೆ ಮಾಡಿದ್ದನ್ನು ನಾನು ಹೋಲಿಕೆಯೆಂದು ಒಪ್ಪುವುದೇ ಇಲ್ಲ. ಹೊಸದಕ್ಕೆ ಹೊಸದನ್ನೇ ಇಟ್ಟು ತೂಗಬೇಕು.

ನಿಮ್ಮ ದಾರಿಯಲ್ಲೇ ಇನ್ನೊಂದು ಮೋಸವಿದೆ. ಅದನ್ನು ಮಾಡುವವರು ಯಾರೂ ಇಲ್ಲ, ಭೂಗೋಳವೇ ಮಾಡುತ್ತದೆ. ಚೆನ್ನೈ ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿ ದಾಟಿ ಶೂಲಗಿರಿ, ಹೊಸೂರು ಏರುವಷ್ಟರಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಇಳಿದಿರುತ್ತದೆ. ಬೆಂಗಳೂರಿನ ತಂಪು ಅದರಲ್ಲಿ ಎರಡು ಮೂರು ಪಾಲನ್ನು ಮರಳಿಸುತ್ತದೆ, ನಿಜ. ಆದರೂ ಟರ್ಬೊ ಇಲ್ಲದ ಕಾರು ಮೇಲೆ ಹೋದಾಗ ಕಳೆದುಕೊಳ್ಳುವ ಬಲ, ಯಾವ ಫಿಲ್ಟರೂ ತಂದುಕೊಡಲಾರದಷ್ಟು ದೊಡ್ಡದು. ಜೆ.ಸಿ. ರಸ್ತೆಯಲ್ಲಿ ಫಿಲ್ಟರ್ ಹಾಕಿಸಿಕೊಂಡು ಭಾನುವಾರ ರಾತ್ರಿ ಕೋಯಂಬೇಡಿಗೆ ಇಳಿದವರಿಗೆ ಮಾರನೆಯ ದಿನ ಕಾರು ಚುರುಕೆನಿಸಿದ್ದರೆ, ಆ ಚುರುಕು ಬಂದದ್ದು ಸಮುದ್ರಮಟ್ಟದ ದಟ್ಟ ಗಾಳಿಯಿಂದ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ನೀವೇ ಅಳೆಯಬಹುದು. ಒಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನವೂ ಫೋನಿನಲ್ಲಿ ಒಂದು ಆ್ಯಪೂ ಸಾಕು. ಟರ್ಬೊ ಇಲ್ಲದ, ಮ್ಯಾನಿಫೋಲ್ಡ್ ಒತ್ತಡ ತೋರಿಸುವ ಪೆಟ್ರೋಲ್ ಕಾರಾಗಿದ್ದರೆ ಕೆಲಸ ಇನ್ನೂ ಸುಲಭ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾನಿಫೋಲ್ಡ್ ಒತ್ತಡ ಎಷ್ಟಿದೆ ಓದಿಕೊಳ್ಳಿ. ಅದು ಹೊರಗಿನ ಗಾಳಿಯ ಒತ್ತಡ. ಆಮೇಲೆ ಪೂರ್ತಿ ಥ್ರಾಟಲ್‌ನಲ್ಲಿ, ಮೇಲಿನ ಆರ್‌ಪಿಎಂನಲ್ಲಿ ಅದೇ ಒತ್ತಡ ಎಷ್ಟಿರುತ್ತದೆಂದು ದಾಖಲಿಸಿ. ಎರಡರ ನಡುವಿನ ಅಂತರವೇ ಗಾಳಿ ಒಳಬರುವ ದಾರಿಯಲ್ಲಿನ ಒಟ್ಟು ತಡೆ. ಗಾಳಿ ಹೀರುವ ಮೂತಿ, ಕೊಳವೆ, ಏರ್‌ಬಾಕ್ಸ್, ಫಿಲ್ಟರ್, ಥ್ರಾಟಲ್ ಬಾಡಿ ಎಲ್ಲವೂ ಅದರಲ್ಲಿ ಸೇರಿವೆ. ಅಂತರ ಮೂರು ಕಿಲೋಪ್ಯಾಸ್ಕಲ್ ಇದ್ದರೆ, ಜಗತ್ತಿನ ಅತ್ಯುತ್ತಮ ಫಿಲ್ಟರೂ ನಿಮಗೆ ಶೇ. 3 ಕೊಡಲಾರದು. ಏಕೆಂದರೆ ಆ ಮೂರರಲ್ಲಿ ಫಿಲ್ಟರಿನ ಪಾಲು ಸಣ್ಣದು. ಮೊದಲು ಹೊಸ ಕಾಗದ, ನಂತರ ಕಾಟನ್, ಮತ್ತೆ ಅದೇ ಕಾಗದ ಎಂದು ಸರದಿಯಲ್ಲಿ ನೋಡಿದರೆ ಹವೆಯ ಏರುಪೇರಿನ ಗೊಂದಲವೂ ಕಳೆಯುತ್ತದೆ.

ಆದರೆ ಈ ಪರೀಕ್ಷೆಯನ್ನು ಹೆದ್ದಾರಿಯಲ್ಲಿ ಮಾಡಬೇಡಿ. ಇದೇ ರಸ್ತೆಯಲ್ಲಿ ಇರುಂಗಾಟ್ಟುಕೋಟ್ಟೈ ಇದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಅಲ್ಲಿ ರೇಸ್ ಟ್ರ್ಯಾಕ್ ತೆರೆಯಿತು. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಅದಕ್ಕೂ ಮುಂಚೆ ಷೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸುಗಳು ನಡೆಯುತ್ತಿದ್ದವು. ನಮ್ಮ ಬೆಂಗಳೂರಿನ ಹುಡುಗರೂ ಅಲ್ಲಿಗೆ ಬಂದು ಓಡಿಸುತ್ತಿದ್ದರು. ಇಷ್ಟು ಹತ್ತಿರ ಇಂಥ ಜಾಗ ಇರುವುದು ನಿಮ್ಮ ಅದೃಷ್ಟ. ಟ್ರ್ಯಾಕ್ ದಿನಕ್ಕೆ ಹಣ ಕಟ್ಟಿ ಅಲ್ಲೇ ಅಳೆಯಿರಿ.

ಈಗ ಕೋನ್ ಫಿಲ್ಟರಿನ ವಿಷಯ. ಏರ್‌ಬಾಕ್ಸನ್ನೇ ಕಿತ್ತು, ಬಾನೆಟ್ ಕೆಳಗೆ ಬಟ್ಟಬಯಲಾಗಿ ಒಂದು ಶಂಕುವಿನಾಕಾರದ ಫಿಲ್ಟರ್ ಕೂರಿಸುತ್ತಾರೆ. ನೋಡಲು ಅಂದ. ಆದರೆ ಕಂಪನಿಯ ಏರ್‌ಬಾಕ್ಸಿಗೆ ಒಂದು ಮೂತಿ ಇರುತ್ತದೆ. ಅದು ರೇಡಿಯೇಟರಿನ ಮುಂದಿನಿಂದಲೋ ಹೆಡ್‌ಲೈಟಿನ ಪಕ್ಕದಿಂದಲೋ ಹೊರಗಿನ ತಣ್ಣಗಿನ ಗಾಳಿಯನ್ನು ಹೀರುತ್ತದೆ. ಬಯಲಲ್ಲಿ ನಿಂತ ಕೋನ್ ಹೀರುವುದು ಎಂಜಿನ್ನಿನ ಸುತ್ತಲಿನ ಕಾದ ಗಾಳಿಯನ್ನು. ಗಾಳಿಯ ಉಷ್ಣತೆ ಸುಮಾರು 3 ಡಿಗ್ರಿ ಏರಿದರೆ ಅದರ ಸಾಂದ್ರತೆ ಶೇ. 1ರಷ್ಟು ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ 38 ಡಿಗ್ರಿ, ಕೋಯಂಬೇಡಿನ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಕಾರಿನ ಬಾನೆಟ್ ಕೆಳಗೆ 65 ಡಿಗ್ರಿ ಇದೆಯೆನ್ನಿ. ಎಂಜಿನ್ನಿಗೆ ಸಿಗುವ ಗಾಳಿ ಶೇ. 8ರಷ್ಟು ತೆಳುವಾಯಿತು. ಫಿಲ್ಟರಿನಿಂದ ಅರ್ಧ ಪಾಲು ಗಳಿಸಿ, ಬಿಸಿಯಿಂದ ಎಂಟು ಪಾಲು ಕಳೆದುಕೊಂಡ ವ್ಯಾಪಾರ ಇದು. ಬಿಸಿ ಗಾಳಿಗೆ ಎಂಜಿನ್ ನಾಕ್ ಹೊಡೆಯುವ ಭಯವಿರುವುದರಿಂದ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಗ್ನಿಷನ್ ಸಮಯವನ್ನೂ ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ಇನ್ನಷ್ಟು ನಷ್ಟ. ಹೆದ್ದಾರಿಯಲ್ಲಿ ಗಾಳಿ ಆಡುವಾಗ ಈ ನಷ್ಟ ತಗ್ಗುತ್ತದೆ. ಬಿಸಿಯನ್ನು ತಡೆಯುವ ಗೋಡೆಯನ್ನೂ ಹೊರಗಿನ ಗಾಳಿಗೆ ಕೊಳವೆಯನ್ನೂ ಸರಿಯಾಗಿ ಮಾಡಿಸಿದರೆ ಇನ್ನೂ ತಗ್ಗುತ್ತದೆ. ಅಷ್ಟೆಲ್ಲ ಮಾಡಿ ಮುಗಿಸಿದಾಗ ನೀವು ಕಂಪನಿಯ ಏರ್‌ಬಾಕ್ಸನ್ನೇ ಮತ್ತೊಮ್ಮೆ ಕಟ್ಟಿರುತ್ತೀರಿ.

ಟರ್ಬೊ ಕಾರಿನವರು ತಮ್ಮ ಲೆಕ್ಕ ಬೇರೆಯೆನ್ನುತ್ತಾರೆ. ಸ್ವಲ್ಪ ಬೇರೆಯೇ. ಟರ್ಬೊ ಎಂಜಿನ್ನಿನಲ್ಲಿ ಇಷ್ಟೇ ಬೂಸ್ಟ್ ಇರಬೇಕು, ಇಷ್ಟೇ ಟಾರ್ಕ್ ಬರಬೇಕು ಎಂದು ಇಸಿಯು ಗುರಿ ಇಟ್ಟುಕೊಂಡಿರುತ್ತದೆ. ಫಿಲ್ಟರಿನ ತಡೆ ಇಳಿದರೆ ಟರ್ಬೊ ಸ್ವಲ್ಪ ನಿಧಾನ ತಿರುಗಿ ಅದೇ ಗುರಿ ಮುಟ್ಟುತ್ತದೆ, ಅಷ್ಟೇ. ರೀಮ್ಯಾಪ್ ಮಾಡಿಸಿ ಬೂಸ್ಟ್ ಏರಿಸಿದ ಕಾರುಗಳಲ್ಲಿ ಗಾಳಿಯ ಹರಿವು ಕಂಪನಿಯ ಏರ್‌ಬಾಕ್ಸಿನ ಮಿತಿ ಮುಟ್ಟುತ್ತದೆ. ಅಲ್ಲಿ ಒಳ್ಳೆಯ ಇನ್‌ಟೇಕಿಗೆ ನಿಜವಾದ ಕೆಲಸವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಕಂಪ್ರೆಸರ್ ಚಕ್ರಕ್ಕೆ ಮೊದಲು ಬಡಿಯುವುದು ಫಿಲ್ಟರ್ ಬಿಟ್ಟ ಧೂಳು ಎಂಬುದನ್ನೂ ಅವರು ನೆನಪಿಡಬೇಕು.

ಸದ್ದಿನ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ಸದ್ದು ಕಾರಿನ ಸುಖದ ದೊಡ್ಡ ಭಾಗ. ಎಂಜಿನ್ ಒಳಗೆಳೆಯುವ ಪ್ರತಿ ಉಸಿರೂ ಇನ್‌ಟೇಕ್ ಕೊಳವೆಯಲ್ಲಿ ಒಂದು ಒತ್ತಡದ ಅಲೆಯನ್ನು ಎಬ್ಬಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ನೂರು ಸಲ ಹೀಗೆ ಉಸಿರೆಳೆಯುತ್ತದೆ. ಅಂದರೆ 100 ಹರ್ಟ್ಸಿನ ತಗ್ಗು ದನಿ. ಈಗಿನ ಮೂರು ಸಿಲಿಂಡರಿನ ಸಣ್ಣ ಎಂಜಿನ್ನುಗಳಲ್ಲಿ ಅದೇ ವೇಗಕ್ಕೆ 75 ಹರ್ಟ್ಸ್. ಅದಕ್ಕೇ ಅವುಗಳ ಗುಟುರು ಇನ್ನೂ ದಪ್ಪ. ಈ ಅಲೆಗಳನ್ನು ಪಳಗಿಸುವುದಕ್ಕೆಂದೇ ಕಂಪನಿಯವರು ಏರ್‌ಬಾಕ್ಸಿನ ಗಾತ್ರವನ್ನು ಲೆಕ್ಕ ಹಾಕುತ್ತಾರೆ, ಕೊಳವೆಯ ಪಕ್ಕಕ್ಕೆ ಟೊಳ್ಳು ಡಬ್ಬಿಗಳನ್ನು ಅಂಟಿಸುತ್ತಾರೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ವಿವರಿಸಿದ ಅನುರಣನ ಪೆಟ್ಟಿಗೆಯ ತತ್ವವೇ ಅಲ್ಲಿ ಕೆಲಸ ಮಾಡುತ್ತದೆ. ಬಾಯಿ ಕಿರಿದಾದ ಬಿಂದಿಗೆಯ ಕಂಠಕ್ಕೆ ಊದಿದರೆ ಒಂದೇ ಶ್ರುತಿ ಹೊರಡುತ್ತದಲ್ಲ, ಆ ಡಬ್ಬಿಯೂ ಒಂದೇ ಶ್ರುತಿಗೆ ಮಿಡಿದು ಆ ಶ್ರುತಿಯ ಗುಮ್ಮೆನ್ನುವಿಕೆಯನ್ನು ನುಂಗುತ್ತದೆ. ಕೆಲವು ಅಂಗಡಿಗಳಲ್ಲಿ "ಇದು ವೇಸ್ಟ್ ಡಬ್ಬಾ ಸಾರ್, ತೆಗೆದುಬಿಡಿ" ಎನ್ನುತ್ತಾರೆ. ತೆಗೆದರೆ ಸದ್ದು ಬರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಮಧ್ಯಮ ವೇಗದ ಎಳೆತ ಅದರ ಜೊತೆಗೇ ಹೋಗುತ್ತದೆ.

ಒಂದೊಂದರ ಸದ್ದನ್ನೂ ನಾನು ಕೇಳಿದಂತೆ ಹೇಳುತ್ತೇನೆ. ಕಂಪನಿಯ ಏರ್‌ಬಾಕ್ಸಿನೊಳಗೇ ಕೂರುವ ಕಾಟನ್ ಪ್ಯಾನೆಲ್ ಫಿಲ್ಟರಿನಿಂದ ಸದ್ದು ಬದಲಾಗುವುದು ಅತ್ಯಲ್ಪ. ಗಾಜು ಏರಿಸಿ ಹಾಡು ಹಾಕಿದರೆ ಗೊತ್ತೇ ಆಗದು. 4,000 ಆರ್‌ಪಿಎಂ ದಾಟಿ ಪೂರ್ತಿ ಒತ್ತಿದಾಗ ಎದುರಿನಿಂದ ಒಂದು ಎಳೆ ಗಂಟಲು ಕೇಳುತ್ತದೆ, ಅದು ಹಿತವಾಗಿಯೂ ಇರುತ್ತದೆ. ಫೋಮ್ ಪ್ಯಾನೆಲ್ಲಿನದು ಇನ್ನೂ ಮಂದ್ರ. ಬಯಲು ಕೋನಿನದು ಪೂರ್ತಿ ಬೇರೆ ಜಾತಿ. ಥ್ರಾಟಲ್ ತೆರೆದ ಕೂಡಲೇ ಗಾಳಿ ನುಗ್ಗುವ ಭೋರ್ಗರೆತ. ಟರ್ಬೊ ಪೆಟ್ರೋಲ್ ಕಾರಿನಲ್ಲಿ ಅದರ ಮೇಲೆ ಸಿಳ್ಳೆ, ಕಾಲು ತೆಗೆದಾಗ ಉಸಿರು ಬಿಟ್ಟಂಥ ಸದ್ದು. ಮೊದಲ ವಾರ ಮೈ ಜುಮ್ಮೆನ್ನುತ್ತದೆ. ಆಂಬೂರು, ವಾಣಿಯಂಬಾಡಿ ಹಾದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗ ಅದೇ ತಗ್ಗು ದನಿ ತಲೆಯೊಳಗೆ ಗುಂಯ್‌ಗುಡುತ್ತದೆ, ಪಕ್ಕದಲ್ಲಿ ಕೂತ ಅಮ್ಮ ಕಿವಿ ಮುಚ್ಚಿಕೊಳ್ಳುತ್ತಾರೆ. ನನ್ನ ಕಿವಿಗೆ ಕೇಳಿದರೆ ಪ್ಯಾನೆಲ್ಲಿನ ಎಳೆ ಗಂಟಲೇ ದೂರದ ದಾರಿಗೆ ಸರಿ.

ಸದ್ದು ಹೆಚ್ಚಿದರೆ ಕಾರು ವೇಗವಾಗಿ ಹೋದಂತೆ ಭಾಸವಾಗುವುದು ನಮ್ಮೆಲ್ಲರ ಸ್ವಭಾವ. ದೊಡ್ಡ ಕಂಪನಿಗಳಿಗೂ ಇದು ಗೊತ್ತು. ಲೆಕ್ಸಸ್ ಎಲ್‌ಎಫ್‌ಎ ಕಾರಿನ ಇನ್‌ಟೇಕ್ ಸದ್ದನ್ನು ಸಂಗೀತ ವಾದ್ಯಗಳಿಗೆ ಹೆಸರಾದ ಯಮಾಹಾದವರು ಶ್ರುತಿಗೊಳಿಸಿ, ಅದನ್ನು ಕೊಳವೆಗಳ ಮೂಲಕ ಕ್ಯಾಬಿನ್ನಿಗೆ ತಂದರು. ಫೋರ್ಡ್ ಕಂಪನಿ ಫೋಕಸ್ ಎಸ್‌ಟಿ ಕಾರಿನಲ್ಲಿ ಇನ್‌ಟೇಕ್ ಸದ್ದನ್ನು ಒಳಗೆ ಕೇಳಿಸುವುದಕ್ಕೆಂದೇ ಒಂದು ಸಾಧನ ಇಟ್ಟಿತ್ತು. ಸದ್ದಿಗೆಂದು ಮಾಡಿದ ಕೆಲಸವನ್ನು ಅವರು ಸದ್ದೆಂದೇ ಹೇಳಿ ಮಾರಿದರು. ನಿಮಗೆ ಫಿಲ್ಟರ್ ಮಾರುವವರೂ ಹಾಗೆ ಹೇಳಿದ್ದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ.

ನನ್ನ ಮುಖ್ಯ ಕಾಳಜಿ ಧೂಳು. ಫಿಲ್ಟರ್ ಹುಟ್ಟಿದ್ದೇ ಧೂಳು ತಡೆಯುವುದಕ್ಕೆ. ಪಿಕಪ್ಪು, ಸದ್ದು ಎಂದು ತಿಂಗಳುಗಟ್ಟಲೆ ಮಾತಾಡಿದ ನಿಮ್ಮಲ್ಲಿ ಒಬ್ಬರೂ "ಇದು ಎಷ್ಟು ಧೂಳು ತಡೆಯುತ್ತದೆ?" ಎಂದು ಕೇಳಿದ್ದನ್ನು ನಾನು ಕೇಳಿಲ್ಲ.

ನೀವಿರುವ ಜಾಗವನ್ನು ನೋಡಿ. 1996ರಲ್ಲಿ ಶುರುವಾದ ಕೋಯಂಬೇಡು ಸಗಟು ಮಾರುಕಟ್ಟೆಗೆ ನಮ್ಮ ಕೋಲಾರದ ಟೊಮೆಟೊ, ಮಾಲೂರಿನ ತರಕಾರಿ ಹೊತ್ತ ಲಾರಿಗಳು ರಾತ್ರಿಯಿಡೀ ಬರುತ್ತವೆ. 2002ರಿಂದ ಬಸ್ ನಿಲ್ದಾಣ ಇದೆ. ಎರಡನೇ ಹಂತದ ಮೆಟ್ರೊ ಕಾಮಗಾರಿಗೆ ರಸ್ತೆ ಅಗೆದಿದ್ದಾರೆ. ಮಳೆ ನಿಂತ ಎರಡೇ ದಿನಕ್ಕೆ ಕೆಸರು ಒಣಗಿ ಪುಡಿಯಾಗಿ ಮೇಲೇಳುತ್ತದೆ. ಹೆದ್ದಾರಿಯಲ್ಲೂ ಮೇಲ್ಸೇತುವೆ ಕೆಲಸ ನಡೆಯುವ ಕಡೆಗಳಲ್ಲಿ ಟಿಪ್ಪರಿನ ಹಿಂದೆ ಕಣ್ಣು ಕಾಣದಷ್ಟು ಧೂಳು. ಮಣ್ಣಿನ ಧೂಳಿನಲ್ಲಿರುವುದು ಬಹುಪಾಲು ಸಿಲಿಕಾ, ಅಂದರೆ ಕಬ್ಬಿಣವನ್ನೂ ಸವೆಸುವ ಮರಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನಿಗೆ ಹೆಚ್ಚು ಕೇಡು ಮಾಡುವ ಕಣಗಳು ಸರಿಸುಮಾರು 5ರಿಂದ 20 ಮೈಕ್ರಾನಿನವು. ಅವು ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ ತೆಳು ಎಣ್ಣೆಪದರದಲ್ಲಿ ಸಿಕ್ಕಿ ಎರಡನ್ನೂ ಉಜ್ಜುತ್ತವೆ. ಎಣ್ಣೆ ಕುಡಿಯುವ, ಹೊಗೆ ಬಿಡುವ, ಕಂಪ್ರೆಷನ್ ಇಳಿದ ಎಂಜಿನ್ನುಗಳನ್ನು ಬಿಚ್ಚಿದಾಗ, ಸಿಲಿಂಡರ್ ಗೋಡೆಯ ಮೇಲೆ ಲಂಬವಾದ ಗೀರುಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇನ್‌ಟೇಕ್ ಕೊಳವೆಯೊಳಗೆ ಬೆರಳಾಡಿಸಿದರೆ ನುಣ್ಣನೆಯ ಮಣ್ಣು ಅಂಟುತ್ತಿತ್ತು.

ಫಿಲ್ಟರ್ ಎಷ್ಟು ಧೂಳು ತಡೆಯುತ್ತದೆಂದು ಅಳೆಯಲು ಜಗತ್ತು ಒಪ್ಪಿದ ವಿಧಾನ ಒಂದಿದೆ. ಅದರ ಹೆಸರು ಐಎಸ್‌ಒ 5011. ನಿಗದಿತ ಗಾತ್ರದ ಪರೀಕ್ಷಾ ಧೂಳನ್ನು ನಿಗದಿತ ವೇಗದ ಗಾಳಿಯಲ್ಲಿ ಬೆರೆಸಿ ಫಿಲ್ಟರಿಗೆ ಉಣಿಸುತ್ತಾರೆ. ತಡೆ ಎಷ್ಟು, ಹಿಡಿದ ಧೂಳು ಎಷ್ಟು, ದಾಟಿಹೋದದ್ದು ಎಷ್ಟು ಎಂದು ತೂಗುತ್ತಾರೆ. ಅಮೆರಿಕದಲ್ಲಿ ಡ್ಯುರಾಮ್ಯಾಕ್ಸ್ ಡೀಸೆಲ್ ಪಿಕಪ್‌ ಟ್ರಕ್ಕಿನ ಫಿಲ್ಟರುಗಳನ್ನು ಈ ವಿಧಾನದಲ್ಲಿ ಒಟ್ಟಿಗೆ ಪರೀಕ್ಷಿಸಿದ್ದರು. ಕಾರುಪ್ರಿಯರ ನಡುವೆ ಅದು ಬಹಳ ಹೆಸರಾದ ಪರೀಕ್ಷೆ. ಕಂಪನಿಯ ಕಾಗದದ ಫಿಲ್ಟರ್ ಶೇ. 99.93ರಷ್ಟು ಧೂಳು ಹಿಡಿಯಿತು. ಎಣ್ಣೆ ಹಚ್ಚಿದ ಕಾಟನ್ ಫಿಲ್ಟರುಗಳಲ್ಲಿ ಒಂದು ಶೇ. 96.80ರಷ್ಟು ಹಿಡಿಯಿತು. ಎರಡೂ ನೂರರ ಹತ್ತಿರವೇ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಒಳಗೆ ಹೋದದ್ದನ್ನು ನೋಡಿ. ನೂರು ಗ್ರಾಂ ಧೂಳು ಬಂದರೆ ಕಾಗದ ಬಿಡುವುದು 0.07 ಗ್ರಾಂ, ಕಾಟನ್ ಬಿಡುವುದು 3.2 ಗ್ರಾಂ. ನಲವತ್ತೈದು ಪಟ್ಟು. ಗಾಳಿ ಸಲೀಸಾಗಿ ಹರಿಯಲೆಂದು ರಂಧ್ರ ದೊಡ್ಡದು ಮಾಡಿದರೆ ಧೂಳೂ ಸಲೀಸಾಗಿ ಹರಿಯುತ್ತದೆ. ಇದರಲ್ಲಿ ಯಾರ ಕುತಂತ್ರವೂ ಇಲ್ಲ, ಹರಿವು ಮತ್ತು ಸೋಸುವಿಕೆ ಎರಡನ್ನೂ ಒಂದೇ ಗಾತ್ರದ ಫಿಲ್ಟರಿನಿಂದ ಪೂರ್ತಿಯಾಗಿ ಪಡೆಯಲಾಗದು.

ಕಾಟನ್ ಫಿಲ್ಟರಿನ ಮೂಲವನ್ನು ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೆ ಆಂಡ್ ಎನ್ ಕಂಪನಿ 1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೈಕ್ ರೇಸಿಂಗ್ ಹಿನ್ನೆಲೆಯವರಿಂದ ಹುಟ್ಟಿತು. ರೇಸಿನಲ್ಲಿ ಎಂಜಿನ್ ಗಂಟೆಗಳ ಲೆಕ್ಕದಲ್ಲಿ ಬದುಕುತ್ತದೆ, ಮತ್ತೆ ಮತ್ತೆ ಬಿಚ್ಚಿ ರಿಂಗ್ ಬದಲಿಸುತ್ತಾರೆ. ತೊಳೆದು ಮತ್ತೆ ಬಳಸುವ ಫಿಲ್ಟರ್ ಅಲ್ಲಿ ವರವೇ. ನಿಮ್ಮ ಕಾರು ಎರಡು ಲಕ್ಷ ಕಿಲೋಮೀಟರ್ ಬಾಳಬೇಕು, ಅದರ ಸಾಲದ ಕಂತು ಇನ್ನೂ ಮುಗಿದಿಲ್ಲ.

ಕಾಟನ್ನಿನ ಪರವಾಗಿಯೂ ಹೇಳುವುದಿದೆ. ಟಾರು ಚೆನ್ನಾಗಿರುವ ಹೆದ್ದಾರಿಯಲ್ಲೇ ಹೆಚ್ಚು ಓಡುವ, ಎಣ್ಣೆಯ ಪದರವನ್ನು ಸರಿಯಾಗಿ ಕಾಪಾಡುವ ಮಾಲೀಕನ ಕಾರಿನಲ್ಲಿ ಈ ವ್ಯತ್ಯಾಸ ಎಂಜಿನ್ನಿನ ಆಯುಸ್ಸಿನಲ್ಲಿ ಕಾಣದೆಯೂ ಹೋಗಬಹುದು. ಮಳೆಯ ತೇವಕ್ಕೆ ಕಾಗದ ಉಬ್ಬುವಂತೆ ಎಣ್ಣೆ ಹಚ್ಚಿದ ಹತ್ತಿ ಉಬ್ಬುವುದಿಲ್ಲ. ಕಸವೂ ಕಡಿಮೆ. ತೊಂದರೆ ಬರುವುದು ತೊಳೆಯುವಲ್ಲಿ. ಅದರದೇ ಕ್ಲೀನರಿನಿಂದ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಅಳತೆಯಷ್ಟೇ ಎಣ್ಣೆ ಹಚ್ಚಬೇಕು. ಎಣ್ಣೆ ಕಡಿಮೆಯಾದರೆ ಧೂಳು ದಾಟುತ್ತದೆ, ಜಾಸ್ತಿಯಾದರೆ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ಬಿಸಿ ತಂತಿಯ ಮೇಲೆ ಕೂತು ಅದರ ಲೆಕ್ಕ ಕೆಡಿಸುತ್ತದೆ. ಆ ಸೆನ್ಸರ್ ಇರುವ ಕಾರುಗಳಲ್ಲಿ ಕೋನಿನ ಕೊಳವೆಯ ಅಗಲ ಬೇರೆಯಾದರೂ ಸಾಕು, ಅಳತೆ ತಪ್ಪುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಶಾಂಪೂ ಹಾಕಿ ತೊಳೆದು ಕಂಪ್ರೆಸರ್ ಗಾಳಿಯಿಂದ ಒಣಗಿಸಿ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಫಿಲ್ಟರನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಮಿನುಗುತ್ತಿದ್ದವು. ಸಾವಿರ ರೂಪಾಯಿಯೊಳಗೆ ಸಿಗುವ ಹೆಸರಿಲ್ಲದ ಕೋನ್‌ಗಳನ್ನೂ ಹಾಗೇ ಬೆಳಕಿಗೆ ಹಿಡಿದು ನೋಡಿ. ನನ್ನ ಮಟ್ಟಿಗೆ ಅವನ್ನು ಫಿಲ್ಟರ್ ಎಂದು ಕರೆಯುವುದೂ ತಪ್ಪು.

ಕಾಗದದ ಫಿಲ್ಟರಿಗೂ ಗ್ಯಾರೇಜುಗಳಲ್ಲಿ ಅನ್ಯಾಯವಾಗುತ್ತಿದೆ. ಪ್ರತಿ ಸರ್ವಿಸಿನಲ್ಲೂ ಜೋರು ಗಾಳಿ ಊದಿ ಅದನ್ನು "ಕ್ಲೀನ್" ಮಾಡುತ್ತಾರೆ. ಆ ಒತ್ತಡಕ್ಕೆ ಕಾಗದದ ನಾರು ಬಿಡುತ್ತದೆ. ಕಾಗದದ ಮೇಲೆ ಕೂತ ತೆಳು ಧೂಳಿನ ಪದರ ತಾನೇ ಸೋಸುವ ಕೆಲಸಕ್ಕೆ ನೆರವಾಗುತ್ತದೆಂಬುದು ಅವರಿಗೆ ಗೊತ್ತಿಲ್ಲ. ಮೆಲ್ಲನೆ ಕುಟ್ಟಿ ಎಲೆ, ಹುಳ ಉದುರಿಸಿ. ಕಾರಿನ ಪುಸ್ತಕ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ. ಕೋಯಂಬೇಡಿನ ಧೂಳಿಗೆ ಪುಸ್ತಕದ ಅವಧಿ ಉದ್ದವಾಯಿತು.

ನೀರಿನ ಮಾತನ್ನು ಚೆನ್ನೈನಲ್ಲಿ ಬಿಡುವಂತಿಲ್ಲ. 2015ರ ಡಿಸೆಂಬರಿನ ಪ್ರವಾಹದಲ್ಲಿ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಈ ಊರಿನ ಎಷ್ಟು ಕಾರುಗಳು ನೀರು ಕುಡಿದವೆಂದು ಹಳಬರನ್ನು ಕೇಳಿ. ತಣ್ಣನೆಯ ಗಾಳಿಗೆಂದು ಬಂಪರಿನ ಹಿಂದೆ, ಚಕ್ರದ ಪಕ್ಕ ತಗ್ಗಿನಲ್ಲಿ ಕೋನ್ ಕೂರಿಸಿದರೆ ಮೊಣಕಾಲುದ್ದದ ನೀರೇ ಸಾಕು. ನೀರು ಸಿಲಿಂಡರಿಗೆ ಹೋದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ಮಾಲೀಕನ ತಲೆಗೇ. ಇದ್ದರೂ, ಹೇಳದೆ ಮಾಡಿಸಿದ ಮಾರ್ಪಾಡು ಕಂಡರೆ ತಕರಾರು ಏಳುತ್ತದೆ. ಕಂಪನಿಯ ಮೂತಿಯನ್ನು ಎತ್ತರದಲ್ಲಿ ಇಟ್ಟಿರುವುದು ಇದಕ್ಕೇ.

ಇನ್ನು ಊರಿನ ಮಾತು. ಕಾರುಗಳ ಸದ್ದಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 74 ಡೆಸಿಬಲ್ ಮಿತಿ ಇದೆ. ಸದ್ದು ಮತ್ತು ಹೊಗೆಯ ಮಾನದಂಡ ಮೀರಿದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡವೋ ಮೂರು ತಿಂಗಳವರೆಗೆ ಸಜೆಯೋ ಆಗಬಹುದು. ಕಾನೂನಿಗಿಂತ ನನಗೆ ಕಾಣುವುದು ಮಾರುಕಟ್ಟೆಯ ಜನ. ನೀವು ಟ್ರಾಫಿಕ್ ತಪ್ಪಿಸಲು ನಸುಕಿನ ನಾಲ್ಕಕ್ಕೆ ಹೊರಡುತ್ತೀರಿ. ಆ ಹೊತ್ತಿಗೆ ಮೂಟೆ ಹೊತ್ತು ಸುಸ್ತಾದ ಕೂಲಿಗಳು ಅಂಗಡಿ ಜಗಲಿಯ ಮೇಲೆ, ನಮ್ಮ ಕೋಲಾರದ ಚಾಲಕರು ಲಾರಿಯ ಕ್ಯಾಬಿನ್ನಿನಲ್ಲಿ ಒಂದೆರಡು ತಾಸು ಕಣ್ಣು ಮುಚ್ಚಿರುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಎಂಬ ನಿಯಮ ಮಾಡಿದ್ದು ಇಂಥವರ ನಿದ್ದೆಗಾಗಿ. ಮೇಲ್ಸೇತುವೆಯ ಕೆಳಗೆ ಮಾರ್ದನಿ ಕೇಳಬೇಕೆಂದು ಆಕ್ಸಿಲರೇಟರ್ ಒತ್ತಬೇಡಿ. ಮದುರವಾಯಲ್ ದಾಟುವವರೆಗೆ ಮೆತ್ತಗೆ ಹೋಗಿ.

ಇಷ್ಟೆಲ್ಲ ಓದಿದ ಮೇಲೂ ಏನು ಹಾಕಿಸಬೇಕೆಂದು ಕೇಳಿದರೆ ನನ್ನ ಉತ್ತರ ಇದು. ಎಳೆತ ಬೇಕಿದ್ದವರು ಕಂಪನಿಯ ಹೊಸ ಕಾಗದದ ಫಿಲ್ಟರ್ ಹಾಕಿ, ಏರ್‌ಬಾಕ್ಸಿನ ಮುಚ್ಚಳದ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ನೋಡಿ. ಉಳಿದ ಐದಾರು ಸಾವಿರ ರೂಪಾಯಿಯನ್ನು ಒಳ್ಳೆಯ ಟೈರಿಗೆ ಸೇರಿಸಿ. ಸದ್ದು ಬೇಕಿದ್ದವರು, ವಾರಂಟಿ ಮುಗಿದ ಮೇಲೆ, ಹೆಸರಾಂತ ಕಂಪನಿಯ ಅಸಲಿ ಪ್ಯಾನೆಲ್ ಫಿಲ್ಟರನ್ನು ಅದೇ ಏರ್‌ಬಾಕ್ಸಿನೊಳಗೆ ಹಾಕಿ, ಅದನ್ನು ನೀವೇ ಕೈಯಾರೆ ತೊಳೆದು ಎಣ್ಣೆ ಹಚ್ಚಿ. ಬಯಲು ಕೋನ್ ಹಾಕಲೇಬೇಕೆಂಬ ಆಸೆಯಿದ್ದವರು ಅದನ್ನು ಇರುಂಗಾಟ್ಟುಕೋಟ್ಟೈಗೆ ಹೋಗುವ ದಿನ ಹಾಕಿ, ಸಂಜೆ ತೆಗೆದು ಮನೆಗೆ ಬನ್ನಿ. ತಿಂಗಳಿಗೊಮ್ಮೆ ಫಿಲ್ಟರಿನ ಆಚೆ ಬದಿಯ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಅಂಟಿದರೆ ಆ ಫಿಲ್ಟರ್ ಎಷ್ಟೇ ದುಬಾರಿಯಾಗಿರಲಿ, ಅಂದೇ ತೆಗೆದುಹಾಕಿ.

ಕೊನೆಯದಾಗಿ ಒಂದು ವಿನಂತಿ. ಇನ್ನು ಮುಂದೆ ಯಾವ ಅಂಗಡಿಗೆ ಹೋದರೂ ಅಶ್ವಶಕ್ತಿ ಎಷ್ಟು ಹೆಚ್ಚುತ್ತದೆಂದು ಕೇಳುವ ಮೊದಲು, ಈ ಫಿಲ್ಟರಿನ ಐಎಸ್‌ಒ 5011 ವರದಿ ತೋರಿಸಿ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ತಯಾರಕರನ್ನು ಕೇಳುತ್ತಾರೆ. ವರದಿ ಕೊಡದಿದ್ದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಹೊರಗೆ ಬನ್ನಿ.

ಇತಿ,
ನಿಮ್ಮ ಹಿತೈಷಿ,
ಕೋಯಂಬೇಡಿನ ಒಬ್ಬ ಹಿರಿಯ ಕನ್ನಡಿಗ